ತೊಡೆಗವಚದ ಕಾಗದ

ಕಬ್ಬಿಣದ ಕವಚ ತೊಟ್ಟು ಸಮುದ್ರಕ್ಕೆ ಬಿದ್ದವನನ್ನು ಸಿಂಪಿಕೊಲ್ಲಿಯಲ್ಲಿ ಯಾರೂ ಹುಡುಕಲು ಹೋಗುತ್ತಿರಲಿಲ್ಲ. ಹುಡುಕಿ ಪ್ರಯೋಜನವಿರಲಿಲ್ಲ. ಅದಕ್ಕೇ ಅಲ್ಲಿನ ಪಹರೆ ದೋಣಿಗಳ ಸೈನಿಕರು ಕಾಗದದ ಕವಚ ತೊಡುತ್ತಿದ್ದರು. ಉತ್ತರದ ಬಯಲುಸೀಮೆಯಿಂದ ವರ್ಗವಾಗಿ ಬಂದ ಅಧಿಕಾರಿಗಳು ಮೊದಲ ದಿನ ಅದನ್ನು ಕೈಯಲ್ಲಿ ಹಿಡಿದು ನಗುವುದು ವಾಡಿಕೆ. ಕವಚವನ್ನು ನೀರಿನಲ್ಲಿ ಅದ್ದಿ, ಕಂಬಕ್ಕೆ ಕಟ್ಟಿ, ಐವತ್ತು ಹೆಜ್ಜೆ ದೂರದಿಂದ ಬಾಣ ಬಿಟ್ಟು ತೋರಿಸಿದ ಮೇಲೆ ನಗು ತಾನಾಗಿಯೇ ನಿಲ್ಲುತ್ತಿತ್ತು. ಬಾಣದ ಮೊನೆ ಅರ್ಧ ಬೆರಳಷ್ಟು ಒಳಹೋಗಿ ಅಲ್ಲೇ ಸಿಕ್ಕಿಕೊಂಡು ತೂಗಾಡುತ್ತಿತ್ತು.

ಆ ಕವಚಗಳನ್ನು ಮಾಡುತ್ತಿದ್ದವಳು ವೂನ್ಯಾಂಗ್. ಹೆಸರಿನ ಅರ್ಥ ಐದನೆಯವಳು ಎಂದಷ್ಟೆ. ನಾಲ್ಕು ಹೆಣ್ಣು ಹುಟ್ಟಿ ಸುಸ್ತಾದ ಮನೆಯಲ್ಲಿ ಐದನೆಯದಕ್ಕೆ ಹೆಸರು ಹುಡುಕುವ ಉತ್ಸಾಹ ಯಾರಿಗೂ ಉಳಿದಿರಲಿಲ್ಲ. ನದಿಯ ಮೇಲ್ಗಡೆ, ಗುಡ್ಡದ ಊರಿನಲ್ಲಿ ಅವಳಪ್ಪ ಹಿಪ್ಪುನೇರಳೆಯ ತೊಗಟೆ ಬೇಯಿಸಿ, ಜಜ್ಜಿ, ಕಾಗದ ಮಾಡುತ್ತಿದ್ದ. ಅಂಥ ಮನೆಯಲ್ಲಿ ಹುಟ್ಟಿಯೂ ಅವಳಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಆದರೆ ಯಾವುದು ತೊಗಟೆಯ ಕಾಗದ, ಯಾವುದು ಬಿದಿರಿನದು, ಯಾವುದು ಎಷ್ಟು ವರ್ಷ ಹಳೆಯದು ಎನ್ನುವುದನ್ನು ಮೂಲೆ ಹಿಡಿದು ಒಮ್ಮೆ ಕೊಡವಿ, ಅದರ ಸದ್ದು ಕೇಳಿ ಹೇಳುತ್ತಿದ್ದಳು.

ಹದಿನೇಳಕ್ಕೆ ಮದುವೆಯಾಗಿ ನದಿಯ ಜೊತೆಗೇ ಕೆಳಗಿಳಿದು ಕಡಲತೀರಕ್ಕೆ ಬಂದಳು. ಗಂಡ ಜ್ವಾಂಗ್ ಯೌ ಪಹರೆ ದೋಣಿಯ ಬಿಲ್ಲುಗಾರ. ಚಿಕ್ಕವನಿದ್ದಾಗ ಗುಡಿಯ ಶಾಲೆಯಲ್ಲಿ ಎರಡು ವರ್ಷ ಕೂತು ಮುನ್ನೂರು ಅಕ್ಷರ ಕಲಿತಿದ್ದ. ಅಪ್ಪ ತೀರಿಕೊಂಡು ಶಾಲೆ ಬಿಟ್ಟ. ಆ ಮುನ್ನೂರರ ಹೆಮ್ಮೆ ಮಾತ್ರ ಮೂರು ಸಾವಿರ ಕಲಿತವನದು. ಚ್ವಾನ್‌ಜೌ ಪಟ್ಟಣಕ್ಕೆ ಹೋದರೆ ಅಂಗಡಿಗಳ ಹಲಗೆಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ನಡೆಯುವವನು, ನಡುವೆ ಗೊತ್ತಿಲ್ಲದ ಅಕ್ಷರ ಬಂದರೆ ಕೆಮ್ಮುತ್ತಿದ್ದ. ಹೆಂಡತಿಗೆ ಎಲ್ಲಿ ಕೆಮ್ಮು ಬರುತ್ತದೆಂದು ಮೊದಲೇ ಗೊತ್ತಾಗುತ್ತಿತ್ತು. ಅವಳು ಆ ಹೊತ್ತಿಗೆ ಸರಿಯಾಗಿ ಬೇರೆ ಕಡೆ ನೋಡುತ್ತಿದ್ದಳು. ಒಳ್ಳೆಯ ಹೆಂಗಸು.

ಪಹರೆ ಸೈನಿಕರ ಠಾಣ್ಯದ ಹಿಂದೆ ಒಂದು ಉದ್ದನೆಯ ಚಪ್ಪರವಿತ್ತು. ಅಲ್ಲಿ ಮೂರು ನಾಲ್ಕು ಹೆಂಗಸರು ಕವಚದ ಕೆಲಸ ಮಾಡುತ್ತಿದ್ದರು. ವೂನ್ಯಾಂಗ್ ಹೊಲಿಯಲು ಸೇರಿದವಳು, ಹಳೆಯ ಮೇಸ್ತ್ರಿ ತೀರಿಕೊಂಡಾಗ ತಾನೇ ಮೇಸ್ತ್ರಿಯಾದಳು. ಕವಚದ ಒಳಮಗ್ಗುಲಿಗೆ 'ಕೆ ಮನೆತನದ ವೂನ್ಯಾಂಗ್ ಮಾಡಿದ್ದು' ಎಂದು, ತವರಿನ ಹೆಸರು ಸೇರಿಸಿ, ಗುಮಾಸ್ತ ಬರೆಯುತ್ತಿದ್ದ. ಕೆಟ್ಟರೆ ಯಾರನ್ನು ಹಿಡಿದು ಹೊಡೆಯಬೇಕೆಂದು ಗೊತ್ತಿರಲಿ ಎಂದು ಆ ಏರ್ಪಾಡು.

ಕೆಲಸ ಕೇಳಲು ಸುಲಭ. ಕಾಗದವನ್ನು ಮರದ ಕೊಡತಿಯಿಂದ ಬಟ್ಟೆಯ ಹಾಗೆ ಮೆತ್ತಗಾಗುವ ತನಕ ಬಡಿಯಬೇಕು. ಪದರದ ಮೇಲೆ ಪದರ ಹಾಕಿ ದಪ್ಪ ಮಾಡಬೇಕು. ಬೆರಳಗಲಕ್ಕೆ ನಾಲ್ಕು ಹೊಲಿಗೆ ಬೀಳಬೇಕು. ಮೇಲೆ ಸೆಣಬಿನ ಬಟ್ಟೆಯ ಹೊದಿಕೆ. ಎದೆಗೊಂದು, ಸೊಂಟದಿಂದ ಮಂಡಿಯವರೆಗೆ ತೊಡೆಗೊಂದು, ಹೀಗೆ ಎರಡು ಭಾಗ. ಇದಕ್ಕೆ ತೊಗಟೆಯ ಕಾಗದವೇ ಆಗಬೇಕು, ಅದರ ನಾರು ಉದ್ದ. ಹೊಸ ತೊಗಟೆ ಕಾಗದವೆಲ್ಲ ರಾಜಧಾನಿಗೆ ಹೋಗುತ್ತಿತ್ತು. ಠಾಣ್ಯಕ್ಕೆ ಸಿಗುತ್ತಿದ್ದದ್ದು ಕಚೇರಿಗಳ ಹಳೆಯ ದಫ್ತರ: ಜಮೀನಿನ ಪಟ್ಟಿ, ಕಂದಾಯದ ಪಟ್ಟಿ, ಸತ್ತವರ ಪಟ್ಟಿ. ಮೂರು ವರ್ಷಕ್ಕೊಮ್ಮೆ ದೋಣಿ ತುಂಬ ಬರುತ್ತಿತ್ತು. ಖಾಲಿ ಕಾಗದ ಬೇಕೆಂದರೆ ಬಿದಿರಿನದು, ಬೇಕಾದಷ್ಟು.

ಎದೆಗವಚಕ್ಕೆ ವೂನ್ಯಾಂಗ್ ಆ ಹಳೆಯ ದಫ್ತರದ ಹಾಳೆಗಳನ್ನು ಹಾಕುತ್ತಿದ್ದಳು. ಬರೆದ ಅಕ್ಷರ ಎದೆಯ ಮೇಲಿದ್ದರೆ ತಪ್ಪಿಲ್ಲ, ಅದು ಗೌರವದ ಜಾಗ. ಆದರೆ ತೊಡೆಗವಚಕ್ಕೆ? ಗಂಡಸು ಅದರ ಮೇಲೆ ಕೂರುತ್ತಾನೆ. ಕೂತು ಏನೇನೋ ಮಾಡುತ್ತಾನೆ. ಬರೆದ ಕಾಗದವನ್ನು ತುಳಿಯಬಾರದು, ಅದರ ಮೇಲೆ ಕೂರಬಾರದು, ಹರಿದ ಚೂರನ್ನೂ ಕಸಕ್ಕೆ ಎಸೆಯದೆ ಗುಡಿಯ ಒಲೆಯಲ್ಲಿ ಸುಟ್ಟು ಬೂದಿಯನ್ನು ನದಿಗೆ ಬಿಡಬೇಕು ಎಂದು ಮಾತು ಬರುವ ಮೊದಲೇ ಕಲಿತ ಜನ ಅವರು. ತಪ್ಪಿದರೆ ಮುಂದಿನ ಜನ್ಮದಲ್ಲಿ ಕುರುಡು. ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಸಿಂಪಿಕೊಲ್ಲಿಯ ಹುಟ್ಟುಕುರುಡ ಹಗ್ಗ ಹೊಸೆಯುವವನನ್ನು ಕಂಡಾಗಲೆಲ್ಲ ಹೋದ ಜನ್ಮದಲ್ಲಿ ಎಂಥ ಪಟ್ಟಿಯ ಮೇಲೆ ಕೂತಿದ್ದನೋ ಎಂದು ಜನ ಲೊಚಗುಟ್ಟುತ್ತಿದ್ದರು. ಓದಲು ಬಾರದವರಿಗೆ ಈ ಭಯ ಇನ್ನೂ ಹೆಚ್ಚು. ಯಾವ ಅಕ್ಷರದಲ್ಲಿ ಏನಿದೆಯೋ ಅವರಿಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ತೊಡೆಗವಚಕ್ಕೆ ಅವಳು ಬಿದಿರಿನ ಖಾಲಿ ಕಾಗದ ಹಾಕುತ್ತಿದ್ದಳು. ನಾರು ಗಿಡ್ಡವೆಂದು ಒಂದೂವರೆ ಪಟ್ಟು ಪದರ ಹೆಚ್ಚು ಕೊಟ್ಟಳು. ಹೊಸದರಲ್ಲಿ ಅದು ಗಟ್ಟಿಯಾಗಿಯೇ ಇರುತ್ತಿತ್ತು. ಪರೀಕ್ಷೆಗೆ ಕಂಬಕ್ಕೆ ಕಟ್ಟುತ್ತಿದ್ದದ್ದು ಎದೆಗವಚವನ್ನು ಮಾತ್ರ. ತೊಡೆಗವಚವನ್ನು ಅಧಿಕಾರಿ ಕೈಯಲ್ಲಿ ತೂಗಿ ನೋಡಿ, ಭಾರವಾಗಿದೆ ಎಂದು ಮುದ್ರೆ ಒತ್ತಿಸುತ್ತಿದ್ದ. ಹನ್ನೊಂದು ವರ್ಷ ಹೀಗೇ ನಡೆಯಿತು.

ಹನ್ನೆರಡನೆಯ ವರ್ಷದ ಶರತ್ಕಾಲದಲ್ಲಿ ಒಟ್ಟು ನಲವತ್ತು ಜನರಿದ್ದ ಎರಡು ಪಹರೆ ದೋಣಿಗಳು ದ್ವೀಪಗಳ ಆಚೆ ಕಡಲುಗಳ್ಳರ ಕೈಗೆ ಸಿಕ್ಕವು. ಕಳ್ಳರದು ತಗ್ಗಿನ ದೋಣಿಗಳು. ಕೆಳಗಿನಿಂದ ಮೇಲಕ್ಕೆ ಬಾಣ ಬಿಟ್ಟರು. ದೋಣಿಗಳು ಹೇಗೋ ತಪ್ಪಿಸಿಕೊಂಡು ಬಂದವು. ಎದೆಗೆ ಗಾಯವಾದವನು ಒಬ್ಬನೂ ಇರಲಿಲ್ಲ. ತೊಡೆಗೆ, ತೊಡೆಸಂದಿಗೆ ಬಾಣ ಹೊಕ್ಕವರು ಏಳು ಜನ. ಅದರಲ್ಲಿ ಮೂವರು ದಡ ಮುಟ್ಟುವ ಮೊದಲೇ ರಕ್ತ ಸೋರಿ ಸತ್ತಿದ್ದರು. ಸತ್ತವರಲ್ಲೊಬ್ಬ ಚಪ್ಪರದಲ್ಲಿ ವೂನ್ಯಾಂಗ್‌ಳ ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದ ಆ-ಚಿನ್‌ಳ ಗಂಡ. ಬದುಕಿದ ನಾಲ್ವರಲ್ಲೊಬ್ಬ ಜ್ವಾಂಗ್ ಯೌ.

ವೈದ್ಯ ಬಾಣ ಕಿತ್ತು, ಯಾವುದೋ ಸೊಪ್ಪು ಅರೆದು ಕಟ್ಟಿ ಹೋದ ಮೇಲೆ ಜ್ವಾಂಗ್ ಯೌಗೆ ಮಾತು ಬಂತು. ಬಂದದ್ದೇ ತಡ, ನಿಲ್ಲಲಿಲ್ಲ.

"ಎದೆಗೆ ಆರು ಬಾಣ ಬಿತ್ತು ಕಣೇ. ಎಣಿಸ್ದೆ. ಒಂದಾದ್ರೂ ಒಳಗೆ ಬರ್ಬೇಕಲ್ಲ! ಮುಳ್ಳುಹಂದಿ ಥರಾ ನಿಂತಿದ್ದೆ. ನಿನ್ನ ಕೈಗುಣ ಅಂದ್ರೆ ಕೈಗುಣ."

"ತೊಡೇದು?"

"ಅದು ನನ್ನ ಹಣೇಬರ. ಕಡಲುಗಳ್ಳರಿಗೆ ಒಂದಿಷ್ಟು ಮರ್ಯಾದೆ ಬೇಡ್ವಾ? ಹೊಡೆಯೋದಾದ್ರೆ ಎದೆಗೆ ಹೊಡೀಬೇಕು, ಗಂಡಸ್ರ ಹಾಗೆ."

"ಸುಮ್ನೆ ಮಲಕ್ಕೊಳ್ಳಿ. ಆ ತೊಡೆಗವಚ ಎಲ್ಲಿ?"

"ದೋಣೀಲೇ ಬಿತ್ತು. ಯಾಕೆ? ಅದಕ್ಕೂ ಔಷಧಿ ಕಟ್ತೀಯಾ?"

ಮಾರನೆಯ ದಿನ ಅವಳು ದೋಣಿಯಿಂದ ಅದನ್ನು ತಂದಳು. ಹೊದಿಕೆ ಬಿಚ್ಚಿ ಬೆರಳು ಹಾಕಿದಾಗಲೇ ಅವಳಿಗೆ ಅರ್ಥವಾಯಿತು. ಉಪ್ಪುನೀರಿನಲ್ಲಿ ನೆನೆದು, ಬಿಸಿಲಿಗೆ ಒಣಗಿ, ಮತ್ತೆ ನೆನೆದು, ಬಿದಿರಿನ ಕಾಗದ ಹಳೆಯ ಅಕ್ಕಿರೊಟ್ಟಿಯ ಹಾಗೆ ಪುಡಿಪುಡಿಯಾಗಿತ್ತು. ಆದರೂ ಖಾತ್ರಿ ಮಾಡಿಕೊಳ್ಳದೆ ಬಿಡುವ ಹೆಂಗಸಲ್ಲ ಅವಳು. ಅದೇ ವಯಸ್ಸಿನ ಎದೆಗವಚವೊಂದನ್ನು ಪಕ್ಕದಲ್ಲಿಟ್ಟುಕೊಂಡು, ದಬ್ಬಳ ನಿಲ್ಲಿಸಿ ಕೊಡತಿಯಿಂದ ಹೊಡೆದಳು. ತೊಡೆಗವಚದಲ್ಲಿ ದಬ್ಬಳ ಮೂರನೆಯ ಏಟಿಗೆ ಆಚೆ ಬಂತು. ಎದೆಗವಚದಲ್ಲಿ ಹನ್ನೆರಡು ಏಟು ಹೊಡೆದರೂ ಬರಲಿಲ್ಲ, ದಬ್ಬಳವೇ ಸೊಟ್ಟಗಾಯಿತು. ಅವಳು ನೆಲದ ಮೇಲೆ ಕೂತು ಅತ್ತಳು. ಆ-ಚಿನ್‌ಳ ಗಂಡನನ್ನು ಕೊಂದದ್ದು ಕಡಲುಗಳ್ಳರಲ್ಲ, ತಾನು ಎಂದು ಅವಳಿಗೆ ಅನ್ನಿಸಿತು. ಆ ಅನಿಸಿಕೆ ಮತ್ತೆಂದೂ ಹೋಗಲಿಲ್ಲ.

ಹೇಳದೆ ಮುಚ್ಚಿಡಬಹುದಿತ್ತು, ಯಾರೂ ಕೇಳಿರಲಿಲ್ಲ. ಠಾಣ್ಯದಲ್ಲಿ ಎಲ್ಲರೂ ಕೆಟ್ಟ ಗಳಿಗೆ ಎಂದು ಕೈತೊಳೆದುಕೊಂಡಿದ್ದರು. ಆದರೆ ನಲವತ್ತು ದಿನಕ್ಕೆ ದೋಣಿಗಳು ಮತ್ತೆ ಹೊರಡುವುದಿತ್ತು, ಗಾಯ ಮಾಯ್ದರೆ ಜ್ವಾಂಗ್ ಯೌ ಕೂಡ. ಅವಳು ಒಗೆದ ಅಂಗಿ ತೊಟ್ಟು, ಬೆನ್ನಿಗೆ ಬೆತ್ತದೇಟು ಬೀಳುತ್ತದೆಂದು ಮನಸ್ಸು ಗಟ್ಟಿಮಾಡಿಕೊಂಡು, ಎರಡೂ ಕವಚಗಳನ್ನು ಹೊತ್ತು ಠಾಣ್ಯದ ಅಧಿಕಾರಿ ಯಾನ್ ಎದುರು ಮಂಡಿಯೂರಿದಳು.

ಯಾನ್ ಕೆಟ್ಟವನಲ್ಲ. ಸರಕಾರಿ ಹುದ್ದೆಯ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ ಸೈನ್ಯಕ್ಕೆ ಬಂದವನು, ಸಂಜೆ ಹೊತ್ತು ಕವಿತೆ ಬರೆಯುತ್ತಿದ್ದ. ದಬ್ಬಳದ ತೂತುಗಳನ್ನು ಆಸಕ್ತಿಯಿಂದ ನೋಡಿದ.

"ಇಷ್ಟು ವರ್ಷ ತೊಡೆಗೆ ಬಿದಿರಿನ ಕಾಗದ ಹಾಕ್ತಿದ್ದೆಯಾ? ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ ಸ್ವಾಮಿ. ಬರೆದಿರೋ ಕಾಗದಾನ ಕುಂಡೆ ಕೆಳಗೆ ಹಾಕೋದು ಹೆಂಗೆ ಅಂತ ನಾನೇ ಹಾಕ್ಲಿಲ್ಲ. ತಪ್ಪಾಯ್ತು. ಹೊಡೀರಿ. ಆದ್ರೆ ಈಗ ಅಪ್ಪಣೆ ಕೊಡಿ, ನಲವತ್ತನ್ನೂ ಬಿಚ್ಚಿ ದಫ್ತರದ ಹಾಳೆ ಹಾಕ್ತೀನಿ."

ಯಾನ್ ಎದ್ದು ನಿಂತ. ಹೊಡೆಸುತ್ತಾನೆಂದು ಅವಳು ಕಣ್ಣು ಮುಚ್ಚಿದಳು.

"ಏಳಮ್ಮಾ, ಮೇಲೇಳು. ಓದು ಬರದ ಹೆಂಗಸಿಗೆ ಇರೋ ಭಕ್ತಿ ನಮ್ಮ ಗುಮಾಸ್ತರಿಗಿಲ್ಲ. ನೀನು ಮಾಡಿದ್ದೇ ಸರಿ."

"ಸ್ವಾಮಿ, ಮೂರು ಜನ ಸತ್ರು."

"ಗೊತ್ತು. ಅದಕ್ಕೇನು ಮಾಡೋಣ? ಒಂದೊಂದು ಹಾಳೆ ಮೇಲೂ ಸಾಮ್ರಾಟರ ಆಳ್ವಿಕೆ ವರ್ಷದ ಹೆಸರಿದೆ. ಅದನ್ನ ಸಿಪಾಯಿಗಳ ಕೆಳಗೆ ಹಾಕಿ ಅಂತ ನಾನು ಬರವಣಿಗೇಲಿ ಅಪ್ಪಣೆ ಕೊಡ್ಲಾ? ನನ್ನ ತಲೆ ಹೋಗುತ್ತೆ. ತಲೆ ಹೋದ್ರೂ ಹೋಗ್ಲಿ, ಮುಂದಿನ ಜನ್ಮ? ಬೇಡ. ಇನ್ನೂ ನಾಲ್ಕು ಪದರ ಬಿದಿರಿಂದು ಹೆಚ್ಚು ಹಾಕು."

"ಹತ್ತು ಪದರ ಹಾಕಿದ್ರೂ ಪುಡಿ ಆಗೋದು ಪುಡೀನೇ, ಸ್ವಾಮಿ."

"ಹೇಳಿದಷ್ಟು ಮಾಡು."

ನಾಲ್ಕು ದಿನ ಕಳೆದು ಯಾನ್ ಸ್ವಂತ ಕೈಬರಹದಲ್ಲಿ ಒಂದು ಹಲಗೆ ಬರೆದು ಕಳಿಸಿದ. ಇಬ್ಬರು ಸಿಪಾಯಿಗಳು ಬಂದು ಚಪ್ಪರದ ನಡುಗಂಬಕ್ಕೆ ಅದನ್ನು ಹೊಡೆದು ಹೋದರು. ಜ್ವಾಂಗ್ ಯೌ ಊರುಗೋಲು ಹಿಡಿದು ನೋಡಲು ಬಂದ.

"'ಅಕ್ಷರವನ್ನು ಗೌರವಿಸಿ'," ಎಂದು ಗಟ್ಟಿಯಾಗಿ ಓದಿದ. ಒಂದು ಸಲವೂ ಕೆಮ್ಮಲಿಲ್ಲ. "ನಿನಗೋಸ್ಕರ ಬರ್ದಿದ್ದು! ನಮ್ಮ ವಂಶದಲ್ಲೇ ಯಾರಿಗೂ ಹಲಗೆ ಸಿಕ್ಕಿರ್ಲಿಲ್ಲ ಕಣೇ. ನೋಡು, ಈ ಗೆರೆ ಎಷ್ಟು ಚೆನ್ನಾಗಿ ಎಳೆದಿದಾರೆ."

"ಕಾಲು ನೋವಿದ್ಯಾ?"

"ಕಾಲಿಗೇನು, ವಾಸಿಯಾಗ್ತಿದೆ. ಹೊರಡೋ ಹೊತ್ತಿಗೆ ನಾನೂ ಹತ್ತೋದೇ. ಇನ್ನೊಂದು ಬಾಣ ಬಿದ್ರೂ ಪರ್ವಾಗಿಲ್ಲ. ಅಕ್ಷರದ ಮೇಲೆ ಕೂತು ಬದ್ಕೋದಕ್ಕಿಂತ ಖಾಲಿ ಕಾಗದದ ಮೇಲೆ ಸಾಯೋದು ವಾಸಿ."

ಅವನು ಅದನ್ನು ತಮಾಷೆಗೆ ಹೇಳಿರಲಿಲ್ಲ. ಅದೇ ಅವಳನ್ನು ಹೆದರಿಸಿತು.

ದೇವಿಯ ಗುಡಿಯಲ್ಲಿ ವಯಸ್ಸಾದ ಸನ್ಯಾಸಿನಿಯೊಬ್ಬಳಿದ್ದಳು. ವೂನ್ಯಾಂಗ್ ಅವಳಿಗೆ ಒಂದು ಬುಟ್ಟಿ ಕೆಸುವಿನ ಗಡ್ಡೆ ಕೊಟ್ಟು, ಸುತ್ತಿ ಬಳಸಿ ಕೇಳಿದಳು.

"ಅಮ್ಮಾ, ಒಬ್ಳು ಕತ್ತಲಲ್ಲಿ ಬರೆದ ಕಾಗದ ತುಳಿದ್ಳು ಅಂತಿಟ್ಕೊಳ್ಳಿ. ಅವಳಿಗೆ ಅದು ಕಾಗದ ಅಂತಾನೇ ಗೊತ್ತಿಲ್ಲ. ಅವಳಿಗೂ ದೋಷ ಬರುತ್ತಾ?"

"ಗೊತ್ತಿಲ್ದೆ ತುಳಿದ್ರೆ ಎಲ್ಲಿಯ ದೋಷ? ಗೊತ್ತಿದ್ದೂ ತುಳಿದೋರಿಗೆ ಮಾತ್ರ."

"ಗೊತ್ತಿಲ್ದೋರ ಕಾಲಡಿ ಬೇಕು ಅಂತ ತಂದು ಹಾಕಿದೋರಿಗೆ?"

ಸನ್ಯಾಸಿನಿ ಗಡ್ಡೆ ಆರಿಸುವುದನ್ನು ಬಿಟ್ಟು ಅವಳ ಮುಖ ನೋಡಿದಳು. "ಅಂಥೋಳಿಗೆ ಎಲ್ಲರ ದೋಷಾನೂ ಅವಳೊಬ್ಬಳ ಮೇಲೇ. ಯಾಕಮ್ಮಾ, ಯಾರು ಹಾಕಿದ್ರು?"

"ಯಾರೂ ಇಲ್ಲ, ಸುಮ್ನೆ ಕೇಳ್ದೆ," ಎಂದು ವೂನ್ಯಾಂಗ್ ಬುಟ್ಟಿ ಖಾಲಿ ಮಾಡಿಕೊಂಡು ಬಂದಳು.

ದಾರಿಯಲ್ಲೇ ಅವಳು ತೀರ್ಮಾನಿಸಿದಳು. ನಲವತ್ತು ಜನಕ್ಕೂ ಗೊತ್ತಾಗದಿದ್ದರೆ ನಲವತ್ತು ಜನಕ್ಕೂ ಕಣ್ಣು ಉಳಿಯುತ್ತದೆ, ತೊಡೆಯೂ ಉಳಿಯುತ್ತದೆ. ಹೋಗುವುದು ತನ್ನೊಬ್ಬಳದು. ಒಂದೇ ಕರಾರು: ಎಂದೂ, ಯಾರಿಗೂ, ಗಂಡನಿಗೂ ಬಾಯಿ ಬಿಡಬಾರದು. ಬಿಟ್ಟ ಕ್ಷಣದಿಂದ ಕೇಳಿದವನೂ ಪಾಲುದಾರ. ಧೈರ್ಯವಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವಳಿಗೆ ಕುರುಡಿನ ಭಯ ಎಷ್ಟಿತ್ತೆಂದರೆ ಆ ದಿನ ಮನೆಗೆ ಹೋದವಳು ಅಂಗಳದ ಲೋಂಗನ್ ಹಣ್ಣಿನ ಮರವನ್ನು ಎಲೆ ಎಲೆ ಬಿಡದೆ ನೋಡುತ್ತ ನಿಂತುಬಿಟ್ಟಳು.

ಮಾರನೆಯ ಬೆಳಿಗ್ಗೆ ಚಪ್ಪರಕ್ಕೆ ಬಂದು, "ಇನ್ಮೇಲೆ ತೊಡೆಗವಚದ ಪದರ ಎಲ್ಲ ನಾನೇ ಹಾಕ್ತೀನಿ, ಹೊದಿಕೇನೂ ನಾನೇ ಹೊಲೀತೀನಿ. ನೀವು ಎದೆದು ನೋಡ್ಕೊಳ್ಳಿ," ಎಂದಳು.

ಆ-ಚಿನ್ ಸೂಜಿ ಕೆಳಗಿಟ್ಟಳು. ಗಂಡ ಸತ್ತು ಇಪ್ಪತ್ತು ದಿನವಾಗಿರಲಿಲ್ಲ. ತಲೆಗೆ ಇನ್ನೂ ಸೂತಕದ ಬಿಳಿ ಸೆಣಬು ಸುತ್ತಿಕೊಂಡಿದ್ದಳು.

"ಯಾಕಕ್ಕಾ, ನಮ್ಮ ಕೈಗೇನು ಕುಷ್ಠ ಬಂದಿದ್ಯಾ?"

"ಹಾಗಲ್ಲ ಕಣೇ."

"ಮತ್ತೆ ಹೇಗೆ? ಹಲಗೆ ಸಿಕ್ತು, ಈಗ ಕೂಲೀನೂ ಪೂರ್ತಿ ಬೇಕು. ತುಂಡಿಗಿಷ್ಟು ಅಂತ ಕೊಡ್ತಾರೆ, ನಲವತ್ತು ತುಂಡು ನೀನೇ ನುಂಗಿದ್ರೆ ನಾನು ಏನು ತಿನ್ಲಿ? ಮನೇಲಿ ದುಡಿಯೋ ಗಂಡಸು ಹೋದ ಅಂತ ನಿಂಗೆ ಗೊತ್ತಿಲ್ವಾ?"

"ಕೂಲಿ ನೀನೇ ತಗೋ ಚಿನ್. ನಂಗೆ ಬೇಡ."

"ಭಿಕ್ಷೆ ಹಾಕ್ತೀಯಾ? ಇಟ್ಕೋ! ನಿನ್ನ ಗಂಡ ಕುಂಟ್ಕೊಂಡಾದ್ರೂ ಬಂದ. ನನ್ನ ಗಂಡ ಚಾಪೇಲಿ ಸುತ್ಕೊಂಡು ಬಂದ. ನಿನ್ನ ದಾನ ನಂಗೆ ಬೇಕಾಗಿಲ್ಲ."

ವೂನ್ಯಾಂಗ್‌ಗೆ ನಾಲಗೆಯ ತುದಿಗೆ ಬಂದ ಮಾತನ್ನು ನುಂಗಲು ಕಷ್ಟವಾಯಿತು. ಹೇಳಿಬಿಟ್ಟರೆ ಎದೆ ಹಗುರಾಗುತ್ತಿತ್ತು, ಆ-ಚಿನ್ ಕೊಡತಿ ತೆಗೆದುಕೊಂಡು ತಲೆ ಒಡೆದರೂ ಹಗುರವೇ. ಅವಳು ತಲೆ ತಗ್ಗಿಸಿ ಪದರ ಜೋಡಿಸತೊಡಗಿದಳು. ಆ-ಚಿನ್ ಅವತ್ತೇ ಚಪ್ಪರ ಬಿಟ್ಟು ಬಲೆ ಹೆಣೆಯಲು ಸೇರಿದಳು. ಆಮೇಲೆ ಬಾವಿಕಟ್ಟೆಯಲ್ಲಿ ಎದುರು ಬದುರಾದರೂ ಬಿಂದಿಗೆಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಮುಖ ತಿರುಗಿಸುವಳು. ಆ ಸಿಟ್ಟು ಅವಳ ಆಯುಷ್ಯದಷ್ಟೇ ಬಾಳಿತು. ವೂನ್ಯಾಂಗ್ ಮಾತ್ರ ಪ್ರತಿ ಹಬ್ಬಕ್ಕೂ ಅವಳ ಬಾಗಿಲಲ್ಲಿ ಒಣಸಿಂಪಿಯ ಕಟ್ಟೊಂದನ್ನು ಇಟ್ಟು ಬರುತ್ತಿದ್ದಳು, ಯಾರಿಟ್ಟರೆಂದು ಗೊತ್ತಾಗದ ಹಾಗೆ.

ಅಧಿಕಾರಿಯ ಹಲಗೆಯ ಕೆಳಗೆ ಕೂತು, ಅವಳು ದಿನಕ್ಕೆರಡರಂತೆ ತೊಡೆಗವಚ ಬಿಚ್ಚಿ, ಬಿದಿರಿನ ಪುಡಿಯನ್ನು ಕೊಡವಿ, ದಫ್ತರದ ಹಾಳೆಗಳನ್ನು ಹಾಕಿದಳು. ಸುಡಲೆಂದು ಗುಡಿಯ ಒಲೆಗೆ ಕಳಿಸಬೇಕಾದ ಚೂರುಪಾರುಗಳೂ ಅದರೊಳಗೇ ಹೋದವು. ಪ್ರತಿ ಹಾಳೆಯನ್ನೂ ಹಣೆಗೆ ಮುಟ್ಟಿಸಿ ಇಡುತ್ತಿದ್ದಳು. ಹಣೆಗೆ ಮುಟ್ಟಿಸಿದರೆ ಶಿಕ್ಷೆ ಕಮ್ಮಿಯಾಗುತ್ತದೆಂದು ಅವಳೇನೂ ನಂಬಿರಲಿಲ್ಲ. ಮುಟ್ಟಿಸದೆ ಇಡಲು ಕೈ ಬರುತ್ತಿರಲಿಲ್ಲ, ಅಷ್ಟೆ.

ನಲವತ್ತನೆಯ ದಿನ ದೋಣಿಗಳು ಹೊರಟವು. ಜ್ವಾಂಗ್ ಯೌ ಹೊಸ ತೊಡೆಗವಚ ಕಟ್ಟಿಕೊಂಡು, ದೋಣಿಯ ಅಂಚಿನಲ್ಲಿ ಎರಡು ಸಲ ಕೂತು ಎದ್ದು ನೋಡಿದ.

"ಏನೇ, ಈ ಸಲ ಮೆತ್ತಗಿದೆ! ಏನು ಹಾಕಿದೀಯ?"

"ಚೆನ್ನಾಗಿ ಬಡಿದಿದೀನಿ," ಎಂದಳು ವೂನ್ಯಾಂಗ್.

ಅವತ್ತು ಏನೂ ಆಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅದೇ ದ್ವೀಪಗಳ ಬಳಿ ಅದೇ ಕಳ್ಳರು ಕೆಳಗಿನಿಂದ ಬಾಣ ಬಿಟ್ಟರು. ಮೂವತ್ತೊಂಬತ್ತು ಜನ ಗಾಯವಿಲ್ಲದೆ ನಡೆದುಕೊಂಡು ಮನೆಗೆ ಬಂದರು. ನಲವತ್ತನೆಯವನಿಗೆ ಕೆನ್ನೆ ಹರಿದಿತ್ತು, ಅದಕ್ಕೆ ಕವಚವಿಲ್ಲ. ನಾಲ್ಕು ಪದರ ಹೆಚ್ಚು ಹಾಕಿಸಿದ ತನ್ನ ಬುದ್ಧಿಯನ್ನು ಯಾನ್ ಮೇಲಿನವರಿಗೆ ಬರೆದು ತಿಳಿಸಿದ, ಅವನಿಗೆ ಬಡ್ತಿಯೂ ಸಿಕ್ಕಿತು. ಹೋಗುವಾಗ ಬೇರೆ ಠಾಣ್ಯಗಳಿಗೆಲ್ಲ ಬಿದಿರಿನ ಕಾಗದದ ಪದರದ ಲೆಕ್ಕವನ್ನು ಪ್ರತಿ ಮಾಡಿಸಿ ಕಳಿಸಿದ್ದ. ಅದನ್ನು ಕೇಳಿ ವೂನ್ಯಾಂಗ್ ಎರಡು ದಿನ ಗಂಜಿ ಕುಡಿಯಲಿಲ್ಲ. ಅಲ್ಲಿನ ತೊಡೆಗಳನ್ನು ಉಳಿಸಲು ಅವಳ ಕೈ ಅಷ್ಟು ಉದ್ದವಿರಲಿಲ್ಲ.

ಹದಿನಾಲ್ಕು ವರ್ಷ ಅವಳು ಹಾಗೇ ಮಾಡಿದಳು. ಐವತ್ತು ದಾಟಿ ಬೆರಳುಗಳು ಸೊಟ್ಟಗಾದಾಗ ಚಪ್ಪರವನ್ನು ಗುಡ್ಡದ ಕಡೆಯ ಇನ್ನೊಬ್ಬಳಿಗೆ ವಹಿಸಿದಳು. ಅವಳಿಗೆ ಏನು ಹೇಳಿ ಬಂದಳೋ, ಹೇಗೆ ಹೇಳಿದಳೋ ತಿಳಿಯದು. ಆಮೇಲೂ ಸಿಂಪಿಕೊಲ್ಲಿಯ ದೋಣಿಗಳಲ್ಲಿ ತೊಡೆಗೆ ಬಾಣ ಹೊಕ್ಕು ಸತ್ತವರ ಸುದ್ದಿ ಬರಲಿಲ್ಲ ಎಂಬುದಷ್ಟೇ ಗೊತ್ತು.

ಜ್ವಾಂಗ್ ಯೌ ಅದಕ್ಕೆ ಎರಡು ವರ್ಷ ಮೊದಲೇ ದೋಣಿ ಬಿಟ್ಟಿದ್ದ. ಬಿಡುವಾಗ ಠಾಣ್ಯದವರನ್ನು ಕಾಡಿ ಬೇಡಿ ತನ್ನ ಹಳೆಯ ತೊಡೆಗವಚವನ್ನು ಮನೆಗೆ ತಂದುಕೊಂಡಿದ್ದ. ಸಿಂಪಿ ಚಿಪ್ಪಿನ ಗೋಡೆಗೆ ಒರಗಿ, ಅದನ್ನು ನಾಲ್ಕಾಗಿ ಮಡಚಿ ಕೆಳಗೆ ಹಾಕಿಕೊಂಡು ಕೂತರೆ ಊಟಕ್ಕೇ ಏಳುವುದು. ಬಂದವರಿಗೆಲ್ಲ ಅದರ ಮೇಲಿನ ಬಾಣದ ಗುರುತುಗಳನ್ನು ತೋರಿಸುತ್ತಿದ್ದ. ವೂನ್ಯಾಂಗ್ ಹತ್ತಿ ತುಂಬಿದ ಮೆತ್ತೆ ಹೊಲಿದುಕೊಟ್ಟಳು, ಹುಲ್ಲಿನ ಚಾಪೆ ತಂದಳು. ಅವನು ಅದನ್ನೆಲ್ಲ ಬೆಕ್ಕಿಗೆ ಬಿಟ್ಟುಕೊಟ್ಟ. ಗಂಡ ಅದರ ಮೇಲೆ ಕೂತಿರುವುದನ್ನು ದಿನವೂ ನೋಡುವುದು, ನೋಡಿಯೂ ಬಾಯಿಗೆ ಬೀಗ ಹಾಕಿಕೊಳ್ಳುವುದು ಅವಳಿಗೆ ಒಂದು ದೊಡ್ಡ ಶಿಕ್ಷೆಯಾಯಿತು.

ಆಗಲೇ ಅವಳು ಹೊಸದೊಂದು ಅಭ್ಯಾಸ ಹಿಡಿದಳು. ಬೆಳಿಗ್ಗೆ ಕೆಲಸ ಮುಗಿಸಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತು, ಸೂಜಿಗೆ ದಾರ ಪೋಣಿಸುವುದು. ಮೊದಲು ಅರ್ಧ ದಿನ ಹಿಡಿಯಿತು, ಬೆರಳ ತುದಿ ರಕ್ತವಾಯಿತು. ಪೋಣಿಸಲು ಬಂದ ಮೇಲೆ ಹೊಲಿಯುವುದು. ಆಮೇಲೆ ಒಲೆ ಹಚ್ಚುವುದು, ಸಿಂಪಿ ಬಿಡಿಸುವುದು, ಬಾವಿಯ ತನಕ ಹೆಜ್ಜೆ ಎಣಿಸಿ ಹೋಗಿ ಬರುವುದು. ಅಕ್ಕಪಕ್ಕದವರು ಮುದುಕಿಗೆ ಅರಳುಮರಳು ಎಂದರು.

ಒಂದು ಬೆಳಿಗ್ಗೆ ಅವಳು ಹಾಗೇ ಕಣ್ಣು ಕಟ್ಟಿಕೊಂಡು ಗಂಡನ ಅಂಗಿಗೆ ತೇಪೆ ಹಾಕುತ್ತಿದ್ದಳು. ಜ್ವಾಂಗ್ ಯೌ ಗೋಡೆಗೆ ಒರಗಿ ತನ್ನ ಜಾಗದಲ್ಲಿ ಕೂತಿದ್ದ.

"ಇದೇನೇ ದಿನಾ ಈ ಆಟ? ಕಣ್ಣು ಚೆನ್ನಾಗಿರುವಾಗ ಕಟ್ಕೊಂಡು ಒದ್ದಾಡ್ತೀಯಲ್ಲ."

"ಅಭ್ಯಾಸ ಮಾಡ್ಕೊಳ್ತಿದೀನಿ."

"ಯಾತಕ್ಕೆ?"

"ಮುಂದಕ್ಕೆ ಬೇಕಾಗುತ್ತೆ."

"ಮುಂದಕ್ಕೆ ಅಂದ್ರೆ? ಅರವತ್ತಾಯ್ತು ನಿಂಗೆ. ಇನ್ನೆಷ್ಟು ಮುಂದಕ್ಕೆ?"

ಅವಳು ತೇಪೆಯ ಅಂಚು ತಡವಿ ಸೂಜಿ ಚುಚ್ಚಿದಳು. ಅವನು ಬಿಡಲಿಲ್ಲ. ಎರಡು ವರ್ಷ ಶಾಲೆಗೆ ಹೋದವನ ಹಟ ಅದು. ಸುಳ್ಳು ಹೇಳುತ್ತೀಯಾ, ನನ್ನಿಂದ ಮುಚ್ಚಿಡುತ್ತೀಯಾ, ನಲವತ್ತು ವರ್ಷ ಸಂಸಾರ ಮಾಡಿ ಏನು ಬಂತು ಎಂದೆಲ್ಲ ಬೈದ. ಕೊನೆಗೆ ಮುಖ ಸಣ್ಣದು ಮಾಡಿಕೊಂಡು, "ನನ್ನನ್ನ ಬಿಟ್ಟು ಎಲ್ಲಿಗೋ ಹೋಗೋ ತಯಾರಿ ಮಾಡ್ತಿದೀಯ, ಅಲ್ವಾ?" ಎಂದ. ಆ ಮಾತಿಗೆ ಅವಳು ಸೋತಳು.

"ಮೊದ್ಲು ನೀವು ಅಲ್ಲಿಂದ ಏಳಿ. ಈ ಕಡೆ ಕಲ್ಲಿನ ಮೇಲೆ ಕೂತ್ಕೊಳ್ಳಿ. ಆಮೇಲೆ ಹೇಳ್ತೀನಿ."

"ಕೂತಲ್ಲೇ ಹೇಳು."

"ಏಳಿ ಅಂದ್ನಲ್ಲ."

"ಏಳಲ್ಲ. ಹೇಳು."

ಅವಳು ಕಣ್ಣಿನ ಬಟ್ಟೆಯನ್ನು ಬಿಚ್ಚದೆಯೇ ಹೇಳಿದಳು. ದಬ್ಬಳದ ಮೂರು ಏಟು, ಯಾನ್‌ನ ಹಲಗೆ, ಸನ್ಯಾಸಿನಿಯ ಮಾತು, ಒಂದೊಂದು ಹಾಳೆ. "ನಿಮಗೆ ಯಾರಿಗೂ ಗೊತ್ತಿರ್ಲಿಲ್ಲ, ಅದಕ್ಕೇ ಎಲ್ಲ ನನಗೊಬ್ಬಳಿಗೆ. ಕುರುಡಿ ಆಗಿ ಹುಟ್ಟೋದು ಖಂಡಿತ. ಹೇಗೂ ಹುಟ್ಟೋದೇ, ಕೈ ಆದ್ರೂ ಪಳಗಿರ್ಲಿ ಅಂತ. ನೀವು ಕೇಳ್ಬಾರ್ದಿತ್ತು. ಈಗ ಎದ್ದೇಳಿ, ದಮ್ಮಯ್ಯ. ಇಲ್ಲಿ ತನಕ ಕೂತಿದ್ದಕ್ಕೆ ದೋಷ ಇಲ್ಲ. ಗೊತ್ತಾದ ಮೇಲೆ ಕೂತ್ರೆ ಇದೆ."

ಜ್ವಾಂಗ್ ಯೌ ಬಗ್ಗಿ, ತೊಡೆಗವಚದ ಹೊದಿಕೆ ಸವೆದು ಹರಿದ ಕಡೆ ಬೆರಳು ಹಾಕಿ ಅಗಲ ಮಾಡಿ ನೋಡಿದ. ಮಸಿ ಮಾಸಿರಲಿಲ್ಲ. ಮುನ್ನೂರರಲ್ಲಿ ನಾಲ್ಕೈದು ಅಕ್ಷರ ಅವನಿಗೆ ಗುರುತು ಸಿಕ್ಕವು.

"ಎದ್ರಾ?" ಎಂದಳು ವೂನ್ಯಾಂಗ್.

"ಹೂಂ," ಎಂದ ಜ್ವಾಂಗ್ ಯೌ. ಕಾಲು ಚಾಚಿ, ಗೋಡೆಗೆ ಇನ್ನಷ್ಟು ಒರಗಿ, ಅಲ್ಲೇ ಕೂತುಕೊಂಡ.